ಏಷ್ಯಾದ ದೇಶಗಳಿಗೆ ಮಾರ್ಕೆಟಿಂಗ್ ಮೆಸೇಜ್: ಒಪ್ಪಿಗೆ ಪಡೆಯುವುದರಿಂದ ದೂರು ನಿಭಾಯಿಸುವವರೆಗೆ

ಒಂದು ಫೋನ್ ನಂಬರ್ ನಮ್ಮ ಪಟ್ಟಿಯಲ್ಲಿದ್ದರೆ ಅದಕ್ಕೆ ಆಫರ್ ಕಳಿಸುವ ಹಕ್ಕೂ ನಮಗಿದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಆ ನಂಬರ್‌ನವರು ಯಾವ ದೇಶದಲ್ಲಿದ್ದಾರೆ, ನಂಬರ್ ನಿಮಗೆ ಹೇಗೆ ಸಿಕ್ಕಿತು, ಅದನ್ನು ಪಡೆಯುವಾಗ ಅವರಿಗೆ ಏನು ಹೇಳಿದ್ದಿರಿ, ಈಗ ಏನು ಕಳಿಸುತ್ತಿದ್ದೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಎಸ್‌ಎಂಎಸ್, ಇಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಏಷ್ಯಾದ ಒಂದಕ್ಕಿಂತ ಜಾಸ್ತಿ ದೇಶಗಳ ಗ್ರಾಹಕರನ್ನು ತಲುಪುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ದೂರು ಬಂದ ದಿನ ಎಲ್ಲ ಕಡೆಯೂ ಕೇಳುವ ಪ್ರಶ್ನೆ ಒಂದೇ: ಇವರು ಒಪ್ಪಿದ್ದರು ಎನ್ನುವುದಕ್ಕೆ ಪುರಾವೆ ಎಲ್ಲಿದೆ? ಅದಕ್ಕೇ ಪಟ್ಟಿ ದೊಡ್ಡದು ಮಾಡುವುದಕ್ಕಿಂತ ಪುರಾವೆ ಗಟ್ಟಿ ಮಾಡಿಕೊಳ್ಳುವುದು ಮೊದಲು. ಮುಂದಿನ ಹೆಜ್ಜೆಗಳೆಲ್ಲ ಆ ದಾರಿಯಲ್ಲೇ ಇವೆ.

ಹೆಜ್ಜೆ 1: ಪ್ರತಿ ದೇಶದಲ್ಲೂ ಎರಡು ಬಗೆಯ ಕಾನೂನು ನೋಡಿ

ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಒಂದು ಬಗೆಯದು ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು. ಹೆಸರು, ನಂಬರ್, ಇಮೇಲ್ ಇವನ್ನು ಪಡೆಯಲು, ಇಟ್ಟುಕೊಳ್ಳಲು, ಬಳಸಲು ಏನು ಬೇಕು ಎಂದು ಅದು ಹೇಳುತ್ತದೆ. ಇನ್ನೊಂದು ಮೆಸೇಜ್ ಕಳಿಸುವುದಕ್ಕೇ ಸಂಬಂಧಿಸಿದ ನಿಯಮ. ಯಾವ ಹೊತ್ತು, ಯಾವ ಗುರುತು, ಯಾವ ನೋಂದಣಿ ಎಂಬುದು ಅದರಲ್ಲಿರುತ್ತದೆ. ಒಂದನ್ನು ಪಾಲಿಸಿದರೆ ಇನ್ನೊಂದನ್ನೂ ಪಾಲಿಸಿದಂತೆ ಆಗುವುದಿಲ್ಲ.

ಭಾರತದಲ್ಲಿ ಮೊದಲನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಒಪ್ಪಿಗೆ, ನೋಟಿಸ್ (ಮಾಹಿತಿಯನ್ನು ಯಾಕೆ ಪಡೆಯುತ್ತೇವೆ ಎಂದು ಗ್ರಾಹಕರಿಗೆ ತಿಳಿಸುವ ಬರಹ) ಮುಂತಾದ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಎರಡನೆಯದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ವಾಣಿಜ್ಯ ಸಂವಹನ ನಿಯಮಾವಳಿ. ಡಿಎಲ್‌ಟಿ (ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆ), ಹೆಡರ್ (ಮೆಸೇಜ್ ಕಳಿಸುವವರ ಹೆಸರಾಗಿ ಕಾಣುವ ಅಕ್ಷರಗಳು), ಟೆಂಪ್ಲೇಟ್ (ಮೊದಲೇ ಒಪ್ಪಿಸಿಕೊಂಡ ಮೆಸೇಜ್‌ನ ಮಾದರಿ) ಎಲ್ಲ ಬಂದದ್ದು ಅದರಿಂದ.

ಸಿಂಗಪುರದಲ್ಲಿ 2012ರ ಮಾಹಿತಿ ರಕ್ಷಣಾ ಕಾಯ್ದೆ ಪಿಡಿಪಿಎ ಇದೆ, ಜೊತೆಗೆ 2007ರ ಸ್ಪ್ಯಾಮ್ ನಿಯಂತ್ರಣ ಕಾಯ್ದೆ. ಜಪಾನಿನಲ್ಲಿ ವೈಯಕ್ತಿಕ ಮಾಹಿತಿ ಕಾಯ್ದೆಯ ಜೊತೆ ಜಾಹೀರಾತು ಇಮೇಲ್‌ಗೆ 2002ರ ಪ್ರತ್ಯೇಕ ಕಾಯ್ದೆ. ದಕ್ಷಿಣ ಕೊರಿಯಾದಲ್ಲಿ ಮಾಹಿತಿ ರಕ್ಷಣಾ ಕಾಯ್ದೆ ಮತ್ತು ನೆಟ್‌ವರ್ಕ್ ಕಾಯ್ದೆಯ 50ನೇ ಕಲಂ. ವಿಯೆಟ್ನಾಂನಲ್ಲಿ 2026ರ ಜನವರಿ 1ರಿಂದ ಜಾರಿಯಾದ ಮಾಹಿತಿ ರಕ್ಷಣಾ ಕಾನೂನು, ಸ್ಪ್ಯಾಮ್ ತಡೆಗೆ 2020ರ 91ನೇ ಆದೇಶ. ಹಾಂಗ್‌ಕಾಂಗ್‌ನಲ್ಲೂ ಇದೇ ಜೋಡಿ. ಚೀನಾದಲ್ಲಿ 2021ರ ನವೆಂಬರ್ 1ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣಾ ಕಾನೂನು ಪಿಐಪಿಎಲ್ ಜೊತೆಗೆ ಜಾಹೀರಾತು ಕಾನೂನನ್ನೂ ಎಸ್‌ಎಂಎಸ್ ನಿಯಮಗಳನ್ನೂ ನೋಡಬೇಕು.

ಒಂದು ಸರಳ ಹಾಳೆ ಮಾಡಿಕೊಳ್ಳಿ. ಎಡಗಡೆ ದೇಶ, ಪಕ್ಕದಲ್ಲಿ ಮಾಹಿತಿ ಕಾನೂನು, ಅದರ ಪಕ್ಕದಲ್ಲಿ ಮೆಸೇಜ್ ನಿಯಮ. ಮೂರನೇ ಕಾಲಂ ಖಾಲಿ ಇರುವ ದೇಶಕ್ಕೆ ಸದ್ಯ ಕಳಿಸಬೇಡಿ. ಅಲ್ಲಿ ನಿಯಮ ಇಲ್ಲ ಅಂತಲ್ಲ, ನೀವು ಇನ್ನೂ ನೋಡಿಲ್ಲ ಅಂತ ಅರ್ಥ.

ಹೆಜ್ಜೆ 2: ಪಟ್ಟಿಯನ್ನು ದೇಶವಾರು ಒಡೆಯಿರಿ

ನೀವು ಎಲ್ಲಿ ಕೂತು ಕಳಿಸುತ್ತೀರಿ ಎಂಬುದಕ್ಕಿಂತ ಓದುವವರು ಎಲ್ಲಿದ್ದಾರೆ ಎಂಬುದು ದೊಡ್ಡದು. ತನ್ನ ನೆಲದಲ್ಲಿರುವ ಜನರಿಗೆ ಹೊರಗಿನಿಂದ ಸರಕು, ಸೇವೆ ಮಾರುವ ಕಂಪನಿಗಳಿಗೂ ಚೀನಾದ ಕಾನೂನು ಅನ್ವಯಿಸುತ್ತದೆ. ಥಾಯ್ಲೆಂಡ್‌ನದೂ ಹಾಗೆಯೇ. ಭಾರತದ ಕಾಯ್ದೆಯೂ ಅದನ್ನೇ ಹೇಳುತ್ತದೆ. ಸರ್ವರ್ ಬೇರೆ ದೇಶದಲ್ಲಿದೆ ಎಂದು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಫೋನ್ ನಂಬರ್‌ಗೆ ದೇಶದ ಕೋಡ್ ನೋಡಿ ವಿಂಗಡಿಸಬಹುದು. ಇಮೇಲ್‌ಗೆ ಅದು ಸಾಲದು. ಬಿಲ್ಲಿಂಗ್ ವಿಳಾಸ ಅಥವಾ ಸೈನ್‌ಅಪ್‌ನಲ್ಲಿ ಆಯ್ದ ದೇಶ ಬೇಕು. ಎರಡೂ ಇಲ್ಲದ ಇಮೇಲ್‌ಗಳನ್ನು ಒಂದು ಕಡೆ ಇಟ್ಟು ಅವಕ್ಕೆ ಅತ್ಯಂತ ಬಿಗಿಯಾದ ನಿಯಮವನ್ನೇ ಹಾಕಿ.

ಹೆಜ್ಜೆ 3: ಸೇವೆಯ ಮೆಸೇಜ್ ಯಾವುದು, ಪ್ರಚಾರ ಯಾವುದು

ಒಟಿಪಿ, ಬಿಲ್, ಡೆಲಿವರಿ ಸುದ್ದಿ ಇವು ಸೇವೆಯ ಮೆಸೇಜ್‌ಗಳು. 'ಈ ವಾರ ರಿಯಾಯಿತಿ' ಎಂಬುದು ಪ್ರಚಾರ. ಇಷ್ಟು ಎಲ್ಲರಿಗೂ ಗೊತ್ತು, ಅಲ್ವಾ? ಕಷ್ಟ ಬರುವುದು ಎರಡನ್ನೂ ಬೆರೆಸಿದಾಗ. 'ನಿಮ್ಮ ಪಾರ್ಸಲ್ ಹೊರಟಿದೆ, ಮುಂದಿನ ಖರೀದಿಗೆ ಈ ಕೂಪನ್ ಬಳಸಿ' ಎಂದು ಬರೆದ ಕ್ಷಣವೇ ಇಡೀ ಮೆಸೇಜನ್ನು ಪ್ರಚಾರ ಎಂದೇ ಎಣಿಸಿಕೊಳ್ಳಿ. ಆ ಒಂದು ಸಾಲಿನ ಆಸೆಗೆ ಒಪ್ಪಿಗೆ, ಸಮಯ, ಗುರುತು ಎಲ್ಲವೂ ಬೇಕಾಗುತ್ತದೆ.

ಭಾರತದಲ್ಲಿ ಟ್ರಾಯ್ ನಿಯಮಾವಳಿಯ 2025ರ ತಿದ್ದುಪಡಿಯ ನಂತರ ಎಸ್‌ಎಂಎಸ್ ಹೆಡರ್‌ನ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ. ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಿ ಮೆಸೇಜ್‌ಗೆ ಜಿ. ಮೆಸೇಜ್ ಯಾವ ಬಗೆಯದು ಎಂದು ಓದುವವರಿಗೂ ತಕ್ಷಣ ಗೊತ್ತಾಗುತ್ತದೆ. ಕರೆಗಳಲ್ಲೂ ಹಾಗೆ: ಪ್ರಚಾರಕ್ಕೆ 140ರ ಸರಣಿ, ಸೇವೆ ಮತ್ತು ವಹಿವಾಟಿಗೆ 1600ರ ಸರಣಿ. ಸಾಮಾನ್ಯ ಹತ್ತಂಕಿ ನಂಬರ್‌ನಿಂದ ಪ್ರಚಾರದ ಕರೆ ಮಾಡುವಂತಿಲ್ಲ.

ಹೆಜ್ಜೆ 4: ಒಪ್ಪಿಗೆ ಕೇಳುವ ರೀತಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಜಾಸ್ತಿ ಸಮಯ ಇದಕ್ಕೇ ಕೊಡಿ.

ಭಾರತದ ಕಾಯ್ದೆಯ ಪ್ರಕಾರ ಒಪ್ಪಿಗೆ ಒತ್ತಾಯವಿಲ್ಲದೆ, ಷರತ್ತಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು, ಗೊಂದಲಕ್ಕೆ ಎಡೆಯಿಲ್ಲದಂತೆ ಕೊಟ್ಟದ್ದಾಗಿರಬೇಕು. ಗ್ರಾಹಕರೇ ಏನಾದರೂ ಮಾಡಿ ತೋರಿಸಬೇಕು, ಅಂದರೆ ಟಿಕ್ ಮಾಡಬೇಕು, ಬಟನ್ ಒತ್ತಬೇಕು. ಮೊದಲೇ ಟಿಕ್ ಆಗಿರುವ ಬಾಕ್ಸ್ ಇದಕ್ಕೆ ಸಾಲುವುದಿಲ್ಲ. ವಿಯೆಟ್ನಾಂನಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯುವಂತಿಲ್ಲ. ಚೀನಾದ ಎಸ್‌ಎಂಎಸ್ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಪ್ಪಿಗೆ ಕೇಳಿ ಕಳಿಸಿದ ಮೆಸೇಜ್‌ಗೆ ಉತ್ತರ ಬರದಿದ್ದರೆ ಅದು ನಿರಾಕರಣೆ. ಅದೇ ವಿಷಯವನ್ನು ಮತ್ತೆ ಕೇಳುವಂತಿಲ್ಲ.

ಒಂದೇ ಟಿಕ್‌ನಲ್ಲಿ ಎಲ್ಲ ತುಂಬಬೇಡಿ. ನಿಯಮ ಮತ್ತು ಷರತ್ತುಗಳಿಗೆ ಒಂದು ಬಾಕ್ಸ್, ಪ್ರಚಾರಕ್ಕೆ ಬೇರೆ ಬಾಕ್ಸ್. ಒಪ್ಪಿಗೆಯ ಕೋರಿಕೆ ಉಳಿದ ವಿಷಯಗಳಿಂದ ಬೇರೆಯಾಗಿ ಎದ್ದು ಕಾಣಬೇಕು ಎಂದು ಥಾಯ್ಲೆಂಡ್‌ನ ಕಾನೂನು ಹೇಳುತ್ತದೆ. ನನ್ನ ಸಲಹೆ ಇನ್ನೂ ಸ್ವಲ್ಪ ಬಿಗಿ: ಎಸ್‌ಎಂಎಸ್, ಇಮೇಲ್, ವಾಟ್ಸ್‌ಆ್ಯಪ್, ಕರೆ, ಪ್ರತಿಯೊಂದಕ್ಕೂ ಬೇರೆ ಬಾಕ್ಸ್ ಇಡಿ. ಇಮೇಲ್ ಬೇಕು ಎಂದವರು ಕರೆ ಬೇಕು ಎಂದಿಲ್ಲ. ಫಾರ್ಮ್ ಉದ್ದವಾಗುತ್ತದೆ, ಟಿಕ್ ಮಾಡುವವರು ಕಡಿಮೆಯಾಗುತ್ತಾರೆ, ನಿಜ. ಆದರೆ ಉಳಿದವರು ನಿಜವಾಗಿಯೂ ಓದುವವರು.

ಬಾಕ್ಸ್ ಪಕ್ಕದ ಮಾತು ಹೀಗಿರಬಹುದು:

'ಹೊಸ ಕೋರ್ಸ್‌ಗಳು ಮತ್ತು ಅವುಗಳ ರಿಯಾಯಿತಿ ಬಗ್ಗೆ (ನಿಮ್ಮ ಕಂಪನಿಯ ಹೆಸರು) ನನಗೆ ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಬಹುದು. ತಿಂಗಳಿಗೆ ಹೆಚ್ಚೆಂದರೆ ನಾಲ್ಕು. ನನಗೆ ಬೇಡ ಎನಿಸಿದಾಗ ಸ್ಟಾಪ್ ಎಂದು ಉತ್ತರಿಸಿ ನಿಲ್ಲಿಸಬಹುದು. ಇದನ್ನು ಟಿಕ್ ಮಾಡದಿದ್ದರೂ ನನ್ನ ಖಾತೆಗೆ ತೊಂದರೆ ಇಲ್ಲ.'

ಇದರಲ್ಲಿ ಕಳಿಸುವವರ ಹೆಸರಿದೆ, ವಿಷಯವಿದೆ, ಮಾಧ್ಯಮವಿದೆ, ನಿಲ್ಲಿಸುವ ದಾರಿಯಿದೆ. 'ನಮ್ಮ ಪಾಲುದಾರರಿಂದ ಉಪಯುಕ್ತ ಮಾಹಿತಿ' ಎಂಬಂಥ ಮಾತು ಎಲ್ಲಿಯೂ ಬೇಡ. ಹಾಂಗ್‌ಕಾಂಗ್‌ನಲ್ಲಿ 2013ರ ಏಪ್ರಿಲ್ 1ರಿಂದ ಈ ಬಗ್ಗೆ ಸ್ಪಷ್ಟ ನಿಯಮವಿದೆ. ಯಾವ ಮಾಹಿತಿಯನ್ನು ಬಳಸುತ್ತೀರಿ, ಯಾವ ಬಗೆಯ ಸರಕು ಅಥವಾ ಸೇವೆಯ ಪ್ರಚಾರಕ್ಕೆ ಬಳಸುತ್ತೀರಿ ಎಂದು ಮೊದಲೇ ತಿಳಿಸಬೇಕು. ಒಪ್ಪಿಗೆ ತಿಳಿಸಲು ಖರ್ಚಿಲ್ಲದ ದಾರಿಯನ್ನೂ ಕೊಡಬೇಕು. ಫೋನಿನಲ್ಲಿ ಬಾಯಿಮಾತಿನ ಒಪ್ಪಿಗೆ ಸಿಕ್ಕರೆ 14 ದಿನಗಳೊಳಗೆ ಅದನ್ನು ಬರಹದಲ್ಲಿ ಖಚಿತಪಡಿಸಬೇಕು.

ಭಾಷೆಯ ವಿಷಯವನ್ನು ಬಿಡುವ ಹಾಗಿಲ್ಲ. ಭಾರತದಲ್ಲಿ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಗ್ರಾಹಕರಿಗೆ ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮಲೇಷ್ಯಾದಲ್ಲಿ ನೋಟಿಸ್ ಮಲಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು.

ಮಕ್ಕಳ ವಿಷಯದಲ್ಲಿ ವಯಸ್ಸಿನ ಗೆರೆ ಒಂದೇ ಕಡೆ ಇಲ್ಲ. ಚೀನಾ ಮತ್ತು ದಕ್ಷಿಣ ಕೊರಿಯಾದಲ್ಲಿ 14ಕ್ಕಿಂತ ಚಿಕ್ಕವರಿಗೆ ಪೋಷಕರ ಒಪ್ಪಿಗೆ ಬೇಕು. ಭಾರತದಲ್ಲಿ ಗೆರೆ 18. ಅದೂ ಅಲ್ಲದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನೇ ಭಾರತದ ಕಾಯ್ದೆ ತಡೆಯುತ್ತದೆ. ಹಾಗಾಗಿ 17 ವರ್ಷದ ವಿದ್ಯಾರ್ಥಿ ಪೋಷಕರ ಸಹಿ ತಂದರೂ ಅವರ ಆಸಕ್ತಿ ನೋಡಿ ಆಫರ್ ಕಳಿಸುವ ಯೋಜನೆ ಹಾಕಬೇಡಿ.

ಹಳೆಯ ಗ್ರಾಹಕರ ಕಥೆ ಏನು? ಕೆಲವು ದೇಶಗಳು ಸ್ವಲ್ಪ ಸಡಿಲ ಕೊಡುತ್ತವೆ. ದಕ್ಷಿಣ ಕೊರಿಯಾದಲ್ಲಿ ವಹಿವಾಟು ಮುಗಿದ 6 ತಿಂಗಳೊಳಗೆ ಅದೇ ಬಗೆಯ ಸರಕಿನ ಜಾಹೀರಾತನ್ನು ಬೇರೆ ಒಪ್ಪಿಗೆ ಇಲ್ಲದೆ ಕಳಿಸಬಹುದು. ಜಪಾನಿನಲ್ಲಿ 2008ರ ಡಿಸೆಂಬರ್‌ನಿಂದ ಮೊದಲೇ ಒಪ್ಪಿಗೆ ಪಡೆಯುವ ಪದ್ಧತಿ ಇದೆ, ಆದರೆ ವಹಿವಾಟಿನ ಸಂಬಂಧ ಇರುವವರಿಗೆ ವಿನಾಯಿತಿ ಉಂಟು. ಈ ಸಡಿಲಗಳನ್ನು ನಂಬಿ ವ್ಯವಸ್ಥೆ ಕಟ್ಟಬೇಡಿ. ಆರು ತಿಂಗಳು ಯಾವಾಗ ಮುಗಿಯಿತು ಎಂದು ಪ್ರತಿ ನಂಬರ್‌ಗೂ ಲೆಕ್ಕ ಇಡುವುದಕ್ಕಿಂತ ಖರೀದಿಯ ಹೊತ್ತಿನಲ್ಲೇ ಒಂದು ಟಿಕ್ ಕೇಳುವುದು ಸುಲಭ.

ಹೆಜ್ಜೆ 5: ಪುರಾವೆಯ ಕಡತ

ಭಾರತದ ಕಾಯ್ದೆಯಲ್ಲಿ ಒಪ್ಪಿಗೆ ಸಿಕ್ಕಿತ್ತು ಎಂದು ಸಾಬೀತು ಮಾಡುವ ಹೊಣೆ ಕಂಪನಿಯದೇ. ಜಪಾನಿನಲ್ಲಿ ಒಪ್ಪಿಗೆಯ ದಾಖಲೆ ಉಳಿಸಿಕೊಳ್ಳುವುದು ಕಡ್ಡಾಯ. ಡೇಟಾಬೇಸ್‌ನಲ್ಲಿ 'ಒಪ್ಪಿಗೆ: ಹೌದು' ಎಂಬ ಒಂದು ಕಾಲಂ ಇದ್ದರೆ ಅದು ಪುರಾವೆಯಲ್ಲ. ಅದನ್ನು ಯಾರು ಬೇಕಾದರೂ ತುಂಬಬಹುದು.

ಪ್ರತಿ ಒಪ್ಪಿಗೆಗೂ ಇವು ಬೇಕು: ದಿನಾಂಕ ಮತ್ತು ಸಮಯ, ಯಾವ ಪುಟ ಅಥವಾ ಫಾರ್ಮ್, ಆ ದಿನ ಅಲ್ಲಿ ಕಾಣುತ್ತಿದ್ದ ಮಾತುಗಳ ಪ್ರತಿ, ಯಾವ ಭಾಷೆ, ಯಾವ ಮಾಧ್ಯಮಕ್ಕೆ, ಯಾವ ವಿಷಯಕ್ಕೆ, ನಂಬರ್ ಅಥವಾ ಇಮೇಲ್ ಅವರದೇ ಎಂದು ಖಚಿತವಾದದ್ದು ಹೇಗೆ. ಮೂರನೆಯದನ್ನು ಮರೆಯುವವರು ಬಹಳ. ಫಾರ್ಮ್‌ನ ಮಾತುಗಳು ಆಗಾಗ ಬದಲಾಗುತ್ತವೆ. ಹಳೆಯ ಮಾತು ಉಳಿದಿರದಿದ್ದರೆ ಗ್ರಾಹಕರು ಯಾವುದಕ್ಕೆ ಒಪ್ಪಿದ್ದರು ಎಂದು ಹೇಳಲು ಆಗುವುದಿಲ್ಲ. ಪ್ರತಿ ಬದಲಾವಣೆಗೂ ಆವೃತ್ತಿ ಸಂಖ್ಯೆ ಕೊಡಿ, ಅದನ್ನು ಒಪ್ಪಿಗೆಯ ಜೊತೆ ಸೇರಿಸಿ.

ನಂಬರ್ ಖಚಿತ ಮಾಡಿಕೊಳ್ಳಲು ಒಟಿಪಿ ಸಾಕು. ಇಮೇಲ್‌ಗೆ ಖಚಿತಪಡಿಸುವ ಲಿಂಕ್ ಕಳಿಸಿ, ಒತ್ತಿದ ಮೇಲೆ ಮಾತ್ರ ಪಟ್ಟಿಗೆ ಸೇರಿಸಿ. ಬೇರೆಯವರ ವಿಳಾಸ ತುಂಬಿದ ಪ್ರಕರಣಗಳು ಇದರಿಂದ ನಿಲ್ಲುತ್ತವೆ.

ಒಪ್ಪಿಗೆಗೆ ವಯಸ್ಸೂ ಇದೆ. ದಕ್ಷಿಣ ಕೊರಿಯಾದಲ್ಲಿ ಪ್ರತಿ 2 ವರ್ಷಕ್ಕೊಮ್ಮೆ 'ನೀವು ಒಪ್ಪಿದ್ದೀರಿ, ಮುಂದುವರಿಸೋಣವೇ' ಎಂದು ಗ್ರಾಹಕರನ್ನು ಕೇಳಬೇಕು. ಕಾನೂನು ಕೇಳದ ದೇಶಗಳಲ್ಲೂ ಇದನ್ನು ಮಾಡಿ. ಮೂರು ವರ್ಷ ಒಂದು ಮೆಸೇಜನ್ನೂ ತೆರೆಯದವರಿಗೆ ಕಳಿಸಿ ಏನು ಲಾಭ?

ಭಾರತದಲ್ಲಿ ಕಾಯ್ದೆ ಜಾರಿಯಾಗುವ ಮುಂಚೆಯೇ ಒಪ್ಪಿದ ಹಳೆಯ ಗ್ರಾಹಕರಿದ್ದರೆ ಅವರಿಗೂ ಹೊಸ ನೋಟಿಸ್ ಆದಷ್ಟು ಬೇಗ ತಲುಪಿಸಬೇಕು. 18 ತಿಂಗಳ ಕಾಲಾವಕಾಶದ ಕೊನೆಯವರೆಗೆ ಕಾಯಬೇಡಿ.

ಹೆಜ್ಜೆ 6: ಕರೆ ಬೇಡ ಎಂದವರ ಪಟ್ಟಿ ಮತ್ತು ನೋಂದಣಿ

ಭಾರತದಲ್ಲಿ ಕಂಪನಿ, ಹೆಡರ್, ಟೆಂಪ್ಲೇಟ್ ಮೂರೂ ಡಿಎಲ್‌ಟಿಯಲ್ಲಿ ನೋಂದಣಿ ಆಗಿರಬೇಕು. 2024ರ ಅಕ್ಟೋಬರ್‌ನಿಂದ ಮೆಸೇಜ್‌ನೊಳಗಿನ ಲಿಂಕ್ ಕೂಡ ಮೊದಲೇ ಅನುಮತಿ ಪಡೆದಿರಬೇಕು. ಇಲ್ಲದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. 1909 ನಂಬರ್ ಮೂಲಕ ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ಬೇಡ ಎಂಬ ನೋಂದಣಿ) ಹಾಕಿಕೊಂಡವರಿಗೆ ಒಪ್ಪಿಗೆ ಇಲ್ಲದೆ ಪ್ರಚಾರ ಹೋಗಬಾರದು.

ಸಿಂಗಪುರದಲ್ಲಿ 2014ರ ಜನವರಿಯಿಂದ ಡಿಎನ್‌ಸಿ ರಿಜಿಸ್ಟ್ರಿ, ಅಂದರೆ ಪ್ರಚಾರ ಬೇಡ ಎಂದವರ ನಂಬರ್‌ಗಳ ದಾಖಲೆ ಇದೆ. ಕರೆ, ಮೆಸೇಜ್, ಫ್ಯಾಕ್ಸ್‌ಗೆ ಪ್ರತ್ಯೇಕ ಪಟ್ಟಿ. ಬರಹದಲ್ಲಿ ಸ್ಪಷ್ಟ ಒಪ್ಪಿಗೆ ಇಲ್ಲದಿದ್ದರೆ ಕಳಿಸುವ ಮುನ್ನ ನಂಬರನ್ನು ಅದರಲ್ಲಿ ನೋಡಲೇಬೇಕು. ಒಮ್ಮೆ ನೋಡಿದ ಫಲಿತಾಂಶ 21 ದಿನ ಮಾತ್ರ ನಡೆಯುತ್ತದೆ. ತಿಂಗಳ ಆರಂಭದಲ್ಲಿ ಹೀಗೆ ತಾಳೆ ನೋಡಿದ ಪಟ್ಟಿಗೆ ತಿಂಗಳ ಕೊನೆಯಲ್ಲಿ ಕಳಿಸಿದರೆ ತಪ್ಪಾಗುತ್ತದೆ. ಇನ್ನೊಂದು: ಎಸ್‌ಎಂಎಸ್‌ನಲ್ಲಿ ನಂಬರ್ ಬದಲು ಅಕ್ಷರಗಳಲ್ಲಿ ಕಾಣುವ ಕಳಿಸುವವರ ಹೆಸರನ್ನು 2023ರ ಜನವರಿ 31ರಿಂದ ಸಿಂಗಪುರದಲ್ಲಿ ನೋಂದಾಯಿಸಲೇಬೇಕು. ಇಲ್ಲದಿದ್ದರೆ ನಿಮ್ಮ ಬ್ರ್ಯಾಂಡ್ ಹೆಸರಿನ ಜಾಗದಲ್ಲಿ 'ಲೈಕ್ಲಿ ಸ್ಕ್ಯಾಮ್' (ಬಹುಶಃ ಮೋಸ) ಎಂದು ಕಾಣುತ್ತದೆ.

ವಿಯೆಟ್ನಾಂ, ಹಾಂಗ್‌ಕಾಂಗ್‌ಗಳಲ್ಲೂ ಇಂಥ ಪಟ್ಟಿಗಳಿವೆ. ವಿಯೆಟ್ನಾಂನಲ್ಲಿ ಒಪ್ಪಿಗೆ ಕೇಳುವ ಮೆಸೇಜನ್ನು ಒಮ್ಮೆ ಮಾತ್ರ ಕಳಿಸಬಹುದು. ಆ ಪಟ್ಟಿಯಲ್ಲಿರುವವರಿಗೆ ಅದನ್ನೂ ಕಳಿಸಬಾರದು.

ಹೆಜ್ಜೆ 7: ಹೊತ್ತು, ಗುರುತು, ಲೆಕ್ಕ

ಶೆಡ್ಯೂಲ್ ಹಾಕುವಾಗ ಓದುವವರ ಗಡಿಯಾರ ನೋಡಿ. ಭಾರತದಲ್ಲಿ ಸಂಜೆ 7 ಗಂಟೆ ಎಂದರೆ ಕೊರಿಯಾದಲ್ಲಿ ರಾತ್ರಿ 10.30. ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 8ರವರೆಗೆ ಜಾಹೀರಾತು ಕಳಿಸಲು ಪ್ರತ್ಯೇಕ ಒಪ್ಪಿಗೆ ಬೇಕು, ಇಮೇಲ್‌ಗೆ ಮಾತ್ರ ವಿನಾಯಿತಿ. ಭಾರತದಲ್ಲಿ ಪ್ರಚಾರದ ಎಸ್‌ಎಂಎಸ್ ಸಾಮಾನ್ಯವಾಗಿ ಬೆಳಗ್ಗೆ 10ರಿಂದ ರಾತ್ರಿ 9ರೊಳಗೆ ಹೋಗುತ್ತದೆ. ವಿಯೆಟ್ನಾಂನಲ್ಲಿ ಮೆಸೇಜ್‌ಗೆ ಬೆಳಗ್ಗೆ 7ರಿಂದ ರಾತ್ರಿ 10, ಕರೆಗೆ ಬೆಳಗ್ಗೆ 8ರಿಂದ ಸಂಜೆ 5. ಅಲ್ಲಿ ಲೆಕ್ಕವೂ ಇದೆ: 24 ಗಂಟೆಯಲ್ಲಿ ಒಂದು ನಂಬರ್‌ಗೆ 3 ಮೆಸೇಜ್, 1 ಕರೆ, ಒಂದು ವಿಳಾಸಕ್ಕೆ 3 ಇಮೇಲ್. ಯುಎಇಯಲ್ಲಿ 2024ರಿಂದ ಮಾರ್ಕೆಟಿಂಗ್ ಕರೆಗೆ ಬೆಳಗ್ಗೆ 9ರಿಂದ ಸಂಜೆ 6ರ ಮಿತಿ.

ನೆನಪಿಡುವುದು ಕಷ್ಟ ಎನಿಸಿದರೆ ಒಂದು ಉಪಾಯವಿದೆ. ಓದುವವರ ಸ್ಥಳೀಯ ಸಮಯ ಬೆಳಗ್ಗೆ 10ರಿಂದ ಸಂಜೆ 5ರೊಳಗೆ ಮಾತ್ರ ಕಳಿಸಿ. ಮೇಲೆ ಹೇಳಿದ ಎಲ್ಲ ಮಿತಿಗಳೂ ಅದರಲ್ಲಿ ಅಡಗುತ್ತವೆ.

ಗುರುತಿನ ವಿಷಯಕ್ಕೆ ಬಂದರೆ, ಸಿಂಗಪುರದಲ್ಲಿ ಕೇಳದೆ ಗುಂಪಾಗಿ ಕಳಿಸುವ ಜಾಹೀರಾತಿನ ಆರಂಭದಲ್ಲಿ 'ಎಡಿವಿ' (ಜಾಹೀರಾತು ಎಂಬುದರ ಇಂಗ್ಲಿಷ್ ಕಿರುರೂಪ) ಎಂಬ ಗುರುತು ಬೇಕು. ಕೊರಿಯಾದಲ್ಲಿ ಜಾಹೀರಾತು ಎಂಬ ಅರ್ಥದ ಕೊರಿಯನ್ ಪದವನ್ನು ಕಂಸದೊಳಗೆ ಮೊದಲಿಗೇ ಹಾಕಬೇಕು. ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಫಿಲ್ಟರ್ ತಪ್ಪಿಸುವ ಪ್ರಯತ್ನ ಬೇಡ. ವಿಯೆಟ್ನಾಂನಲ್ಲಿ 'ಕ್ಯೂಸಿ', ಅದು ಅಲ್ಲಿನ ಭಾಷೆಯಲ್ಲಿ ಜಾಹೀರಾತು ಎಂಬುದರ ಕಿರುರೂಪ. ಇವನ್ನು ಬರೆಯುವವರ ನೆನಪಿಗೆ ಬಿಡದೆ ಟೆಂಪ್ಲೇಟ್‌ನಲ್ಲೇ ಕೂರಿಸಿ.

ಹೆಜ್ಜೆ 8: ಬೇಡ ಎಂದಾಗ

ಒಪ್ಪಿದಷ್ಟೇ ಸುಲಭವಾಗಿ ಹಿಂದೆ ಸರಿಯಲು ಆಗಬೇಕು. ಭಾರತದ ಕಾಯ್ದೆ ಇದನ್ನು ನೇರವಾಗಿ ಹೇಳುತ್ತದೆ. ಒಂದು ಟಿಕ್‌ನಿಂದ ಸೇರಿದವರು ಲಾಗಿನ್ ಆಗಿ, ಕಾರಣ ತುಂಬಿ, ಇಮೇಲ್ ಬರೆದು ಹೊರಹೋಗುವಂತೆ ಮಾಡಿದರೆ ಅದು ಗ್ರಾಹಕರಿಗೆ ಮಾಡುವ ಅನ್ಯಾಯ.

ಗಡುವುಗಳು ಬೇರೆ ಬೇರೆ ಇವೆ. ಸಿಂಗಪುರದ ಸ್ಪ್ಯಾಮ್ ಕಾಯ್ದೆ ಮತ್ತು ಹಾಂಗ್‌ಕಾಂಗ್‌ನಲ್ಲಿ 10 ಕೆಲಸದ ದಿನ. ಇಂಡೋನೇಷ್ಯಾದ 2022ರ ಕಾನೂನಿನಲ್ಲಿ ಒಪ್ಪಿಗೆ ಹಿಂಪಡೆದ ಮೇಲೆ ಮೂರು ದಿನ, ಅಂದರೆ 72 ಗಂಟೆ. ಕೊರಿಯಾದಲ್ಲಿ ನಿಲ್ಲಿಸುವುದರ ಜೊತೆಗೆ, ನಿಲ್ಲಿಸಿದ್ದೇವೆ ಎಂದು 14 ದಿನಗಳೊಳಗೆ ತಿಳಿಸಬೇಕು. ತೈವಾನಿನಲ್ಲಿ ಮೊದಲ ಪ್ರಚಾರದಲ್ಲೇ ಬೇಡ ಎನ್ನುವ ದಾರಿ ಕೊಡಬೇಕು, ಅದರ ಖರ್ಚು ಕಂಪನಿಯದು. ಭಾರತದಲ್ಲಿ ಬೇಡ ಎಂದವರನ್ನು ಮುಂದಿನ 90 ದಿನ ಮತ್ತೆ ಒಪ್ಪಿಗೆ ಕೇಳುವಂತಿಲ್ಲ.

ಗಡುವಿನ ಕೊನೆಯವರೆಗೆ ಕಾಯಬೇಡಿ. ಸ್ಟಾಪ್ ಬಂದ ಕ್ಷಣವೇ ನಿಲ್ಲುವ ಹಾಗೆ ಸಿಸ್ಟಮ್ ಕಟ್ಟಿ. ಹಾಗೇ, ಆ ನಂಬರನ್ನು ಪೂರ್ತಿ ಅಳಿಸಿಬಿಟ್ಟರೆ ನಾಳೆ ಬೇರೆ ಫೈಲ್‌ನಿಂದ ಅದು ಮತ್ತೆ ಪಟ್ಟಿಗೆ ಬರುತ್ತದೆ. ಅದಕ್ಕೆ 'ಕಳಿಸಬಾರದವರ ಪಟ್ಟಿ' ಬೇರೆ ಇಡಿ. ಅದರಲ್ಲಿ ನಂಬರ್ ಬಿಟ್ಟು ಬೇರೇನೂ ಬೇಡ. ಪ್ರತಿ ಕ್ಯಾಂಪೇನ್ ಹೊರಡುವ ಮುನ್ನ ಅದರ ಜೊತೆ ತಾಳೆ ನೋಡಿ.

ಹೆಜ್ಜೆ 9: ಪಟ್ಟಿ ಕೊಳ್ಳಬೇಡಿ, ಮಾರಬೇಡಿ

ಹಾಂಗ್‌ಕಾಂಗ್‌ನಲ್ಲಿ ಬಸ್, ರೈಲು, ಅಂಗಡಿಗಳಲ್ಲಿ ಹಣ ಕೊಡಲು ಬಳಸುವ ಆಕ್ಟೋಪಸ್ ಕಾರ್ಡ್‌ನ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಸುಮಾರು 20 ಲಕ್ಷ ಗ್ರಾಹಕರ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಟ್ಟು 4.4 ಕೋಟಿ ಹಾಂಗ್‌ಕಾಂಗ್ ಡಾಲರ್ ಪಡೆದದ್ದು 2010ರಲ್ಲಿ ಹೊರಬಂತು. ಜನರ ಸಿಟ್ಟಿನಿಂದಲೇ ಅಲ್ಲಿನ ನೇರ ಮಾರ್ಕೆಟಿಂಗ್ ನಿಯಮ ಬಿಗಿಯಾಯಿತು. ಈಗ ಒಪ್ಪಿಗೆ ಇಲ್ಲದೆ ಹಣಕ್ಕಾಗಿ ಮಾಹಿತಿ ಕೊಟ್ಟರೆ 10 ಲಕ್ಷ ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ವಿಯೆಟ್ನಾಂನ ಹೊಸ ಕಾನೂನಿನಲ್ಲಿ ಮಾಹಿತಿ ಮಾರಾಟಕ್ಕೆ ದಂಡ, ಅದರಿಂದ ಗಳಿಸಿದ ಹಣದ ಹತ್ತು ಪಟ್ಟುವರೆಗೆ ಹೋಗಬಹುದು.

ಏಜೆನ್ಸಿ ಮೂಲಕ ಕಳಿಸುತ್ತಿದ್ದರೆ ಒಪ್ಪಂದದಲ್ಲಿ ಬರೆಸಿಕೊಳ್ಳಿ: ಪಟ್ಟಿ ನಿಮ್ಮದು, ಬೇರೆ ಕೆಲಸಕ್ಕೆ ಬಳಸುವಂತಿಲ್ಲ, ಕೆಲಸ ಮುಗಿದ ಮೇಲೆ ಅಳಿಸಬೇಕು, ಸ್ಟಾಪ್ ಮೆಸೇಜ್‌ಗಳು ನಿಮಗೆ ತಕ್ಷಣ ಬರಬೇಕು.

ಹೆಜ್ಜೆ 10: ದೂರು ಬಂದಾಗ

ದಂಡದ ಅಂದಾಜು ಇರಲಿ. ಭಾರತದಲ್ಲಿ ಒಪ್ಪಿಗೆಯ ನಿಯಮ ಮುರಿದರೆ 50 ಕೋಟಿ ರೂಪಾಯಿವರೆಗೆ, ಭದ್ರತೆಯಲ್ಲಿ ಲೋಪವಾದರೆ 250 ಕೋಟಿವರೆಗೆ. ಸಿಂಗಪುರದಲ್ಲಿ 10 ಲಕ್ಷ ಸಿಂಗಪುರ ಡಾಲರ್ ಅಥವಾ ಅಲ್ಲಿನ ವಾರ್ಷಿಕ ವಹಿವಾಟಿನ ಶೇ 10, ಯಾವುದು ಜಾಸ್ತಿಯೋ ಅಲ್ಲಿವರೆಗೆ. ಚೀನಾದಲ್ಲಿ 5 ಕೋಟಿ ಯುವಾನ್ ಅಥವಾ ಹಿಂದಿನ ವರ್ಷದ ವಹಿವಾಟಿನ ಶೇ 5ರವರೆಗೆ. ಇಸ್ರೇಲ್‌ನಲ್ಲಿ ಗ್ರಾಹಕರೇ ಕೋರ್ಟಿಗೆ ಹೋಗಿ, ನಷ್ಟ ಸಾಬೀತು ಮಾಡದೆಯೇ ಪ್ರತಿ ಮೆಸೇಜ್‌ಗೆ 1,000 ಶೆಕೆಲ್‌ವರೆಗೆ ಪಡೆಯಬಹುದು. ಭಾರತದಲ್ಲಿ ನೋಂದಣಿ ಇಲ್ಲದೆ ಪ್ರಚಾರ ಮಾಡುವ ನಂಬರ್ ಮೇಲೆ 10 ದಿನದಲ್ಲಿ 5 ದೂರು ಬಂದರೆ ಕ್ರಮ ಶುರುವಾಗುತ್ತದೆ.

ದೂರು ಬಂದ ತಕ್ಷಣ ಮೊದಲು ಆ ನಂಬರ್‌ಗೆ ಕಳಿಸುವುದನ್ನು ನಿಲ್ಲಿಸಿ. ವಾದ ಆಮೇಲೆ. ನಂತರ ಪುರಾವೆಯ ಕಡತ ತೆರೆಯಿರಿ. ದಾಖಲೆ ಇದ್ದರೆ ಅದರ ಪ್ರತಿಯನ್ನು ಗ್ರಾಹಕರಿಗೇ ಸೌಜನ್ಯದಿಂದ ಕಳಿಸಿ: 'ಈ ದಿನ, ಈ ಪುಟದಲ್ಲಿ, ಈ ಮಾತಿಗೆ ನೀವು ಒಪ್ಪಿದ್ದಿರಿ. ಈಗ ನಿಲ್ಲಿಸಿದ್ದೇವೆ.' ಹೀಗೆ ತಿಳಿಸಿದರೆ ಅಲ್ಲಿಗೇ ಬಗೆಹರಿಯುವ ದೂರುಗಳು ಎಷ್ಟೋ.

ದಾಖಲೆ ಸಿಗದಿದ್ದರೆ ಆ ಒಂದು ನಂಬರ್ ತೆಗೆದು ಕೈ ತೊಳೆದುಕೊಳ್ಳಬೇಡಿ. ಅದೇ ಫೈಲ್‌ನಿಂದ, ಅದೇ ಫಾರ್ಮ್‌ನಿಂದ, ಅದೇ ಏಜೆನ್ಸಿಯಿಂದ ಬಂದ ಉಳಿದ ನಂಬರ್‌ಗಳನ್ನೂ ಹುಡುಕಿ. ಅವಕ್ಕೂ ಪುರಾವೆ ಇಲ್ಲದಿರಬಹುದು. ಸಿಗುವವರೆಗೆ ಆ ಇಡೀ ಗುಂಪಿಗೆ ಕಳಿಸುವುದನ್ನು ತಡೆಹಿಡಿಯಿರಿ.